ತಂಗಡಿಯ ಗಿಡಕ್ಕೊಂದು ಎಡೆ

ನಮ್ಮ ವಿದ್ಯಾಲಯದ ಆವರಣವನ್ನು ಹಸನುಗೊಳಿಸುತ್ತಿದ್ದ ದಿನ, ಬಡಗಣ ದಿಣ್ಣೆಯ ಅಂಚಿನಲ್ಲಿದ್ದ ತಂಗಡಿಯ ಗಿಡಗಳನ್ನು ಆಳುಗಳು ಬೇರುಸಹಿತ ಕಿತ್ತು ರಾಶಿ ಹಾಕಿದ್ದರು. ಕೊಂಬೆಗಳಲ್ಲಿ ಹೂವು ಇನ್ನೂ ಬಾಡಿರಲಿಲ್ಲ. ಕೇಳಿದ್ದಕ್ಕೆ, “ಕಳೆ ತೆಗೆಯುತ್ತಿದ್ದೇವೆ, ಪಂಡಿತರೆ” ಎಂಬ ಉತ್ತರ ಬಂದಿತು. ಕನ್ನಡದಲ್ಲಿ ಕಳೆಯೆಂದರೆ ಬೇಡದ ಸಸ್ಯವೂ ಹೌದು, ಕಾಂತಿಯೂ ಹೌದು. ಅಂದು ಆ ದಿಣ್ಣೆಯಿಂದ ಹೋದದ್ದು ಎರಡನೆಯದೆಂದು ನನ್ನ ಭಾವನೆ.

ತಂಗಡಿಯೆಂದರೂ ಆವರಿಕೆಯೆಂದರೂ ಒಂದೇ, ಸಂಸ್ಕೃತದಲ್ಲಿ ಆವರ್ತಕೀ. 1753ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ‘ಕಿವಿಯುಳ್ಳದ್ದು’ ಎಂಬರ್ಥದ ವಿಶೇಷಣವನ್ನಿತ್ತನು. ಎಲೆಯ ಬುಡದಲ್ಲಿ ಕಿವಿಯಂತೆ ಅಗಲಿಸಿದ ಎರಡು ಕಿರುದಳಗಳಿರುವುದನ್ನು ನಮ್ಮ ಐದನೆಯ ತರಗತಿಯ ಬಾಲಕನೂ ಗುರುತಿಸಬಲ್ಲನು. ನೆರೆಯ ತೆಲಂಗಾಣವು 2014ರಲ್ಲಿ ಇದನ್ನು ತನ್ನ ರಾಜ್ಯಪುಷ್ಪವೆಂದು ಸಾರಿತು. ಅಲ್ಲಿಯ ಬತುಕಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ಈ ಹೂವನ್ನೇ ಸುತ್ತುಸುತ್ತಾಗಿ ಪೇರಿಸುತ್ತಾರೆ. ಅದೇ ಹೂವು ನಮ್ಮ ಆವರಣದಲ್ಲಿ ತಿಪ್ಪೆ ಸೇರಿತು.

ಇದಕ್ಕಿಂತಲೂ ನನ್ನನ್ನು ನೋಯಿಸಿದ ವಿಚಾರ ಬೇರೊಂದುಂಟು. ತಂಗಡಿಯ ತೊಗಟೆ ಬಲು ಒಗರು. ಪರದೇಶದ ತೊಗಟೆಗಳೂ ಕ್ರೋಮಿಯಂ ಲವಣಗಳೂ ಬಳಕೆಗೆ ಬರುವ ಮುನ್ನ ದಕ್ಷಿಣ ಭಾರತದಲ್ಲಿ ತೊಗಲನ್ನು ಹದಗೊಳಿಸುವವರಿಗೆ ಈ ತೊಗಟೆಯೇ ಮುಖ್ಯ ಆಧಾರವಾಗಿತ್ತು. ತೊಗಲು ಹದಮಾಡುವ ಕಾಯಕದಿಂದ ಬಂದ ಡೋಹರ ಕಕ್ಕಯ್ಯನವರನ್ನು, ಪಾದರಕ್ಷೆ ಹೊಲಿದ ಹರಳಯ್ಯನವರನ್ನು ನಾವು ಪ್ರತಿ ಬಸವಜಯಂತಿಯಂದು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಆ ಕಾಯಕಕ್ಕೆ ಅನ್ನವಿತ್ತ ಗಿಡವು ವೇದಿಕೆಯ ಹಿಂದೆಯೇ ಬೆಳೆದು ನಿಂತಿದ್ದರೆ ನಮಗೆ ಕುಂದಾಗಿ ತೋರುವುದೇಕೆ? ಮಕ್ಕಳಿಗೆ ಶರಣರ ಹೆಸರುಗಳು ಬಾಯಿಪಾಠವಾಗಿವೆ. ಆ ಕಾಯಕದ ಒಂದು ವಸ್ತುವನ್ನಾದರೂ ಅವರು ಕೈಯಲ್ಲಿ ಹಿಡಿದು ಕಂಡಿಲ್ಲ.

ದಾನಿಗಳೊಬ್ಬರು ಆ ದಿಣ್ಣೆಯ ಮೇಲೆ ಹುಲ್ಲುಹಾಸನ್ನೂ ಡುರಾಂಟ ಗಿಡದ ಬೇಲಿಯನ್ನೂ ಮಾಡಿಸಿಕೊಡಲು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಡುರಾಂಟವು ಅಮೆರಿಕ ಖಂಡದಿಂದ ಬಂದ ಸಸ್ಯ. (ಆ ಹೆಸರು ನನ್ನ ಕಿವಿಗೆ ದುರಂತವೆಂದೇ ಕೇಳಿಸುತ್ತದೆ; ಕ್ಷಮೆಯಿರಲಿ.) ಕೊಳವೆಬಾವಿ ಬತ್ತುವ ಬೇಸಗೆಯಲ್ಲಿ ಹುಲ್ಲುಹಾಸಿಗೆ ನೀರೆಲ್ಲಿಯದು? ವಸತಿಗೃಹದ ಮಕ್ಕಳ ಸ್ನಾನಕ್ಕೇ ಅಂದು ಎರಡು ಬಾರಿ ಯೋಚಿಸಬೇಕಾಗುತ್ತದೆ.

ತಂಗಡಿಯು ಬೇಡುವುದು ಅತ್ಯಲ್ಪ. ಕಲ್ಲುನೆಲವಾದರೂ ಸರಿಯೆ, ನೀರು ನಿಲ್ಲಬಾರದು. ಬಿಸಿಲು ತುಂಬ ಬೀಳಬೇಕು. ತಾಯಿಬೇರು ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ. ಬೀಜವನ್ನು ಇರುವಲ್ಲಿಯೇ ಊರುವುದು ಲೇಸು. ಬೀಜದ ಸಿಪ್ಪೆ ಬಿರುಸು. ಬಿಸಿನೀರು ಸುರಿದು ಒಂದು ರಾತ್ರಿ ನೆನೆಯಿಟ್ಟು, ಮುಂಗಾರು ಹಿಡಿದೊಡನೆ ಬಿತ್ತಬೇಕು. ಮೊದಲ ಬೇಸಗೆಯಲ್ಲಿ ಆಗಾಗ ಒಂದು ತಂಬಿಗೆ ನೀರೆರೆದರೆ ಮುಂದಿನ ವರ್ಷಗಳಲ್ಲಿ ಅದು ತನ್ನ ಪಾಡನ್ನು ತಾನೇ ನೋಡಿಕೊಳ್ಳುತ್ತದೆ. ಕಾಯಿ ಒಣಗಿದ ಮೇಲೆ ಕೊಂಬೆ ಸವರಿದರೆ ಬುಡದಿಂದ ಹೊಸ ಚಿಗುರು ಒಡೆದು ಪೊದೆ ತುಂಬಿಕೊಳ್ಳುತ್ತದೆ. ಸವರುವ ಕತ್ತಿ ಹರಿತವಾಗಿರಲಿ. ಕೈಯಿಂದ ಮುರಿದರೆ ತೊಗಟೆ ಸೀಳಿಹೋಗುತ್ತದೆ.

ಕಿತ್ತ ರಾಶಿಯಿಂದ ಒಣಗಿದ ಕಾಯಿಗಳನ್ನು ಆಯ್ದು ನಾಲ್ಕಾರು ಹಿಡಿ ಬೀಜವನ್ನು ಅರಿವೆಯಲ್ಲಿ ಕಟ್ಟಿ ನನ್ನ ಕೊಠಡಿಯ ಗೂಟಕ್ಕೆ ತೂಗುಹಾಕಿದ್ದೇನೆ. ಆಡಳಿತ ಮಂಡಳಿಯವರೂ ದಾನಿಗಳೂ ಮನಸ್ಸು ಮಾಡಿ ಆ ದಿಣ್ಣೆಯೊಂದನ್ನು ಹುಲ್ಲುಹಾಸಿನಿಂದ ಹೊರಗಿಟ್ಟರೆ, ಬರುವ ಮೃಗಶಿರೆಯ ಮಳೆಗೆ ಎಂಟನೆಯ ತರಗತಿಯ ಮಕ್ಕಳೊಡನೆ ನಾನೇ ನಿಂತು ಬಿತ್ತುತ್ತೇನೆ.