ಆರಿದ ಒಲೆಯ ಬಾಯಿಗೆ ಸಿಮೆಂಟು!

ಲೋಕಿಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದವರು ಹಳೇ ಮನೆಗಳ ಮಾಳಿಗೆ ಮೇಲೊಮ್ಮೆ ಕಣ್ಣಾಡಿಸಬೇಕು. ಅಲ್ಲೊಂದು ಇಲ್ಲೊಂದು ಹೊಗೆ ಕೊಳವೆ ಇನ್ನೂ ನಿಂತಿರುತ್ತದೆ. ಹೊಗೆ ಮಾತ್ರ ಇಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ಚಿಮಣಿ ಆರಿದಾಗ ಊರೆಲ್ಲ ಮಾತಾಡಿತು. ಅಡಿಗೆಮನೆಯ ಚಿಮಣಿ ಆರಿದ್ದನ್ನು ಕೇಳಿದವರಾರು?

ಈ ಕೊಳವೆಗಳಿಗೂ ಒಂದು ಕಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಒಲೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂತು. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಕಟ್ಟಿಗೆ ಉಳಿಯಿತು, ಹೆಣ್ಣುಮಕ್ಕಳ ಕಣ್ಣುರಿ ತಗ್ಗಿತು. ಆಮೇಲೆ ಗ್ಯಾಸು ಬಂತು. 2016ರ ಮೇ ತಿಂಗಳಲ್ಲಿ ಉಜ್ವಲ ಯೋಜನೆ ಶುರುವಾದ ಮೇಲಂತೂ ಬಡವರ ಮನೆಗೂ ಸಿಲಿಂಡರ್ ಬಂತು. ಒಲೆ ಹಾಕಲು ಜನ ಬಂದರು, ಸಿಲಿಂಡರ್ ಕೊಡಲೂ ಜನ ಬಂದರು. ಆರಿದ ಒಲೆಯ ಕೊಳವೆಯನ್ನು ಏನು ಮಾಡಬೇಕು ಅಂತ ಹೇಳಲು ಒಬ್ಬನೂ ಬರಲಿಲ್ಲ!

ಈಗ ನಡೆಯುತ್ತಿರುವುದು ಇಷ್ಟೇ. ಮಳೆ ಸೋರುತ್ತೆ, ಅಳಿಲು ಬರುತ್ತೆ ಅಂತ ಮನೆಯಾಕೆ ಗೊಣಗುತ್ತಾಳೆ. ಯಜಮಾನ ಮೇಸ್ತ್ರಿಯನ್ನು ಕರೆಸುತ್ತಾನೆ. "ಏನಿಲ್ಲ ಬಿಡ್ರಿ, ಮೇಲೊಂದು ಚಪ್ಪಡಿ, ಕೆಳಗೊಂದು ಗಾರೆ, ಮುಗೀತು" ಅಂತಾನೆ ಮೇಸ್ತ್ರಿ. ಮುಗಿಯುವುದಿಲ್ಲ. ವರ್ಷಗಟ್ಟಲೆ ಒಳಗೆ ಅಂಟಿದ ಹೊಗೆಮಸಿ ಥಂಡಿ ಹೀರುತ್ತದೆ. ಎರಡೂ ಬಾಯಿ ಬಿಗಿದರೆ ಆ ಥಂಡಿ ಹೋಗುವುದೆಲ್ಲಿಗೆ? ಗೋಡೆಗೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸುಣ್ಣದ ಮೇಲೆ ಕಂದು ಕಲೆ, ಮನೆಯೆಲ್ಲ ಹಳೇ ಮಸಿಯ ವಾಸನೆ. ಎಷ್ಟು ಬಣ್ಣ ಬಳಿದರೂ ಕಲೆ ಮತ್ತೆ ಹಾಜರ್.

ಸರಿಯಾದ ಕೆಲಸಕ್ಕೆ ಖರ್ಚೂ ಹೆಚ್ಚಲ್ಲ. ಮೊದಲು ಗೂಡು, ಮಸಿ ಎಲ್ಲ ತೆಗೆಸಬೇಕು. ಮೇಲೆ ಮಳೆ ತಡೆಯುವ ಟೋಪಿ ಕೂರಿಸಿ, ಅದರಡಿ ಮೂರು ನಾಲ್ಕು ಬೆರಳು ಸಂದು ಬಿಟ್ಟು ಜಾಲರಿ ಸುತ್ತಬೇಕು. ಕೆಳಗೆ ಒಲೆಯ ಬಾಯಿಗೆ ಇಟ್ಟಿಗೆ ಕಟ್ಟುವಾಗ ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟು ಜಾಲರಿ ಹಾಕಬೇಕು. ಕೆಳಗಿಂದ ಹೋದ ಗಾಳಿ ಮೇಲೆ ಹೊರಬಿದ್ದರೆ ಕೊಳವೆ ಒಣಗಿರುತ್ತದೆ. ಕೊಳವೆಯನ್ನೇ ಪೂರಾ ಕಿತ್ತರೆ ಮಾತು ಬೇರೆ, ಮಾಳಿಗೆಯ ತೂತು ಭದ್ರವಾಗಿ ಮುಚ್ಚಿದರಾಯ್ತು. ಅದು ಆಸ್ಬೆಸ್ಟಾಸ್ ಸಿಮೆಂಟಿನ ಪೈಪಾದರೆ ಸುತ್ತಿಗೆಯಲ್ಲಿ ಕುಟ್ಟಬಾರದು. ಅದರ ದೂಳು ಶ್ವಾಸಕೋಶಕ್ಕೆ ವಿಷ. ನೀರು ಹೊಡೆದು, ಒಡೆಯದಂತೆ ಇಳಿಸಬೇಕು.

ಕಲೆ ಬಿದ್ದ ಗೋಡೆ ನೋಡಿ ಯಾರೂ ಸಾಯುವುದಿಲ್ಲ, ನಿಜ. ಸಾಯುವ ದಾರಿ ಬೇರೆ ಇದೆ. ಕೆಲವು ಮನೆಗಳಲ್ಲಿ ಅಡಿಗೆ ಒಲೆ, ಬಚ್ಚಲಿನ ಹಂಡೆ ಒಲೆ ಎರಡಕ್ಕೂ ಒಂದೇ ಕೊಳವೆ. ಅಡಿಗೆ ಒಲೆ ಆರಿತು ಅಂತ ಮುಚ್ಚಿಬಿಟ್ಟರೆ ಹಂಡೆಯ ಹೊಗೆ ಒಳಗೇ ತಿರುಗುತ್ತದೆ. ಕಣ್ಣಿಗೆ ಕಾಣುವ ಹೊಗೆಯಾದರೆ ಎದ್ದು ಓಡಬಹುದು. ಅದರ ಜೊತೆಗಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಣಂತಿ ಕೋಣೆಯ ಕಿಟಕಿ ಹಾಕಿ ಅಗ್ಗಿಷ್ಟಿಕೆ ಇಡುವವರೂ ಇದನ್ನು ನೆನಪಿಡಬೇಕು. ತಾಯಿಗೆ ಬೆಚ್ಚಗಾಗಲಿ ಅಂತ ಇಟ್ಟ ಕೆಂಡವೂ ಅದೇ ವಿಷ ಬಿಡುತ್ತದೆ.

ಇನ್ನು ಗ್ಯಾಸು. ಹಳೇ ಒಲೆಯ ಗೂಡು ಖಾಲಿ ಇದೆಯಲ್ಲ ಅಂತ ಅದರಲ್ಲೇ ಸಿಲಿಂಡರ್ ಇಟ್ಟು ಬಾಗಿಲು ಹಾಕಿಸುವ ಜಾಣರಿದ್ದಾರೆ! ಅಡಿಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲಕ್ಕೆ ಇಳಿದು ಗೂಡಲ್ಲೇ ಕೂರುತ್ತದೆ, ಮಾಳಿಗೆಯ ಕಿಂಡಿಗೆ ಏರುವುದಿಲ್ಲ. ಅದಕ್ಕೆ ಹೊರಗೋಡೆಯ ಬುಡದಲ್ಲಿ ಒಂದು ಜಾಲರಿ ಬೇಕೇ ಬೇಕು. ಹಬೆ, ಒಗ್ಗರಣೆ ಹೊಗೆ ಹೋಗಲು ಮೇಲೂ ಒಂದು ಕಿಂಡಿ ಬೇಕು. ಹಳೇ ಮನೆಯಲ್ಲಿ ಬೆಳಕಿಂಡಿ ಆ ಕೆಲಸ ಮಾಡುತ್ತಿತ್ತು. ಈಗ ಕೊಳವೆ ಜೊತೆಗೆ ಅದನ್ನೂ ಗಾಜು ಹಾಕಿ ಬಿಗಿಯುತ್ತಿದ್ದಾರೆ.

ರಬ್ಬರ್ ಪೈಪು ನೋಡಲು ಬರುವ ಗ್ಯಾಸ್ ಏಜೆನ್ಸಿಯ ಹುಡುಗರು ಸಿಲಿಂಡರ್ ಇಟ್ಟ ಗೂಡನ್ನೂ, ಗೋಡೆಯ ಬುಡವನ್ನೂ ಒಮ್ಮೆ ನೋಡಿ ಹೇಳಿದರೆ ಅವರ ಗಂಟೇನೂ ಹೋಗದು. ಪಂಚಾಯತಿಗಳೂ ಹಲಗೆಯ ಮೇಲೆ ನಾಲ್ಕು ಸಾಲು ಬರೆಸಬಹುದು. ಮುಂಗಾರಿಗೆ ಮೊದಲು ಮೇಸ್ತ್ರಿ ಕರಣೆ ಹಿಡಿದು ಬಂದಾಗ ಮನೆಯವರು ಹೇಳಬೇಕಾದ್ದು ಒಂದೇ ಮಾತು: "ಒಂದಿಟ್ಟಿಗೆ ಜಾಗ ಬಿಡಪ್ಪಾ."