ಹೆಸರಿಲ್ಲದ ಚಿತ್ರಕ್ಕೆ ಯಾವ ಹೊಲಿಗೆ?

ಮಕ್ಕಳೇ, ನಾಲವಾರದ ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಅದರ ಸಂದುಗಳ ಗೆರೆಗಳನ್ನೇ ಮಗಳು ಕಾಗದಕ್ಕಿಳಿಸಿ, "ಇದನ್ನ ಕಸೂತಿ ಹಾಕ್ತೀನಿ" ಎಂದಳು. ಕಸೂತಿ ಎಂದರೆ ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆ ಎಂದೇ ತಿಳಿದಿದ್ದ ನಾನು, "ಇದೆಂಥ ಚಿತ್ರ?" ಎಂದು ನಕ್ಕೆ. ಅವಳ ಮುಖ ಸಣ್ಣದಾಯಿತು.

ಹಟಕ್ಕೆ ಬಿದ್ದು ಎಲ್ಲ ಕಡೆ ಮೆಂತಿ ಹೊಲಿಗೆಯನ್ನೇ ತುಂಬಿದಳು. ಬಟ್ಟೆ ಬಿರುಸಾಗಿ ಸುಕ್ಕುಗಟ್ಟಿತು, ಗೆರೆಗಳೇ ಕಾಣದಾದವು. ಬಿಸಾಡಲು ಹೊರಟಾಗ ನಮ್ಮ ಅತ್ತೆ ಇಸಿದುಕೊಂಡರು. ಅವರಿಗೆ ಕಣ್ಣು ಮಂಜು. ಬೆರಳಾಡಿಸಿ ಹೇಳಿದರು: "ಚಿತ್ರ ಛಲೋ ಅದ ಯವ್ವಾ. ಹೊಲಿಗಿ ಆರಿಸೋದ್ರಾಗ ತಪ್ಪಾಗ್ಯದ."

ಅವರು ಕಲಿಸಿದ್ದಿಷ್ಟು. ನೇರ ಗೆರೆಗೆ ಗವಂತಿ: ಎಳೆ ಎಣಿಸಿ, ಜಾಗ ಬಿಟ್ಟು ಬಿಟ್ಟು ಹೊಲಿಯುತ್ತ ಹೋಗಿ, ಬಿಟ್ಟ ಜಾಗ ತುಂಬುತ್ತ ಹಿಂದಿರುಗಬೇಕು. ಆಗ ಬಟ್ಟೆಯ ಎರಡೂ ಬದಿ ಒಂದೇ ತೆರ ಕಾಣುತ್ತದೆ. ಮೆಟ್ಟಿಲಿನಂತೆ ತಿರುಗುವ ಗೆರೆಗೆ ಮುರ್ಗಿ. ನೇಯ್ದಂತೆ ತುಂಬಲು ನೇಯ್ಗಿ. ಅಡ್ಡಡ್ಡ ಕೂರುವ ಮೆಂತಿ ಭಾರದ್ದು. ಕಣ್ಣು ನಿಲ್ಲಬೇಕಾದ ಕಡೆ ಮಾತ್ರ ಸಾಕು. ಗಂಟು ಎಲ್ಲಿಯೂ ಬೇಡ.

ಮಗಳು ಹೊಸ ಬಟ್ಟೆ ತೆಗೆದಳು. ಕಲ್ಲಿನ ಸಂದುಗಳಿಗೆ ಗವಂತಿ, ಒಡೆದ ಅಂಚಿಗೆ ಮುರ್ಗಿ, ಒಂದೇ ಒಂದು ಕಲ್ಲಿಗೆ ನೇಯ್ಗಿ.

"ಅದೊಂದಕ್ಕೇ ಯಾಕೆ?" ಎಂದೆ.

"ಅಜ್ಜಿ ಕೂಡೋ ಜಾಗ ಅದು."

ನಾನು ಸುಮ್ಮನೆ ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ನಿಮ್ಮ ಮನೆಯ ನೆಲದಲ್ಲೂ ಗೆರೆಗಳಿವೆಯಲ್ಲ? ಮೊದಲು ಅವನ್ನು ನೋಡಿ, ಆಮೇಲೆ ಹೊಲಿಗೆ ಆರಿಸಿ.