ತೆರೆಯ ಮೇಲಿನ ಒಲವು, ಮನೆಯೊಳಗಿನ ಮೌನ



2021ರ ಅಕ್ಟೋಬರ್, ಜಪಸರದ ಮಾಸ. ಲಕ್ಕಲಕಟ್ಟಿಯ ಒಂದು ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆಂದು ನಾವು ಕುಳಿತಿದ್ದೆವು. ಐದನೆಯ ರಹಸ್ಯಕ್ಕೆ ಬರುವಷ್ಟರಲ್ಲಿ 'ನಮೋ ಮರಿಯ'ಗಳು ಓಟ ಕಿತ್ತವು. ಕಾರಣ ತಿಳಿಯಲು ತಡವಾಗಲಿಲ್ಲ. ಶಿಲುಬೆಯ ಗುರುತು ಹಾಕಿದ ಕೈಯೇ ಮರುಕ್ಷಣ ಟಿ.ವಿ.ಯ ಗುಂಡಿಯನ್ನು ಒತ್ತಿತು. ಅದು 'ಕನ್ನಡತಿ' ಧಾರಾವಾಹಿಯ ಹೊತ್ತು.

ಕಲರ್ಸ್ ಕನ್ನಡ ವಾಹಿನಿಯಲ್ಲಿ 2020ರ ಜನವರಿಯಿಂದ 2023ರ ಫೆಬ್ರವರಿಯವರೆಗೆ ಬಂದ ಆ ಕಥೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ರಂಜನಿ ರಾಘವನ್ ಅಭಿನಯಿಸಿದ ಭುವನೇಶ್ವರಿ ಕನ್ನಡದ ಶಿಕ್ಷಕಿ. ಕಿರಣ್ ರಾಜ್ ಅಭಿನಯಿಸಿದ ಹರ್ಷ ಉದ್ಯಮಿ. ಅದೇ ಹರ್ಷನನ್ನು ಆಕೆಯ ಗೆಳತಿ ವರೂಧಿನಿಯೂ ಬಯಸುತ್ತಾಳೆ. ಆದುದರಿಂದ ಹೇಳಬೇಕಾದ ಮಾತು ಭುವಿಯ ಗಂಟಲಲ್ಲೇ ಉಳಿಯುತ್ತದೆ. ಟಿ.ವಿ. ಎಂದೊಡನೆ ಸೈತಾನನ ಪೆಟ್ಟಿಗೆ ಎಂದು ಗುಡುಗುವ ಗುರುಗಳ ಸಾಲಿನಲ್ಲಿ ನಾವಿಲ್ಲ. ಶುದ್ಧವಾದ ಕನ್ನಡ ಮಾತನಾಡುವ ನಾಯಕಿ ನಮಗೂ ಹಿಡಿಸಿದ್ದಳು. ಈ ಭಾಗದ ಹಿರಿಯರು ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುವುದನ್ನು ರಾತ್ರಿಯಿಡೀ ನೋಡಿ ನಕ್ಕವರೇ ಅಲ್ಲವೇ? ಆದರೆ ಆ ಆಟ ಬೆಳಗಾಗುವುದರೊಳಗೆ ಮುಗಿಯುತ್ತಿತ್ತು. ಧಾರಾವಾಹಿಗೆ ಬೆಳಗಾಗುವುದೇ ಇಲ್ಲ. ಪ್ರೇಮಿಗಳು ಮನಬಿಚ್ಚಿ ಮಾತನಾಡಿದರೆ ಕಥೆ ಮುಗಿಯುತ್ತದೆ. ಆದ್ದರಿಂದ ಅವರು ಮಾತನಾಡದಂತೆ ವಾರಕ್ಕೊಂದು ತಪ್ಪು ತಿಳುವಳಿಕೆಯನ್ನು ಹೆಣೆಯುತ್ತಾ ಹೋಗಬೇಕಾಗುತ್ತದೆ.

ಆ ಸಂಜೆ ಮನೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಆ ಹುಡುಗಿ ಮನಸಿನ್ಯಾಗ ಏನೈತಿ ಅಂತ ಒಬ್ಬರೂ ಕೇಳವಲ್ರಲ್ಲ ಸ್ವಾಮಿ" ಎಂದರು.

ಮೂರು ವಾರಗಳ ತರುವಾಯ ಅವರೇ ನಮ್ಮ ಬಳಿಗೆ ಬಂದರು. ಹತ್ತೊಂಬತ್ತು ವರ್ಷದ ಮಗಳನ್ನು ತಮ್ಮ ಅಣ್ಣನ ಮಗನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತಂತೆ. ಇಂತಹ ಸಂಬಂಧಕ್ಕೆ ಧರ್ಮಸಭೆಯ ಕಾನೂನು ಸಂಹಿತೆಯ 1091ನೆಯ ಕಂಡಿಕೆ ಅಡ್ಡಿಯಾಗಿದೆ. ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ಕಾಗದ ಬರೆಯುವ ಮುನ್ನ ನಾವು ಮಗಳನ್ನು ಪ್ರತ್ಯೇಕವಾಗಿ ಕರೆದು, ನಿನಗೆ ಒಪ್ಪಿಗೆಯೇ ಎಂದು ಕೇಳಿದೆವು. ಆಕೆ ನೆಲ ನೋಡಿದಳು. ಮತ್ತೆ ಕೇಳಿದೆವು. ಉತ್ತರವಿಲ್ಲ. ಹೊರಗೆ ಕಾದಿದ್ದ ತಾಯಿ, "ಸುಮ್ಮನಿದ್ದಾಳಂದ್ರ ಒಪ್ಪಿದಂಗ ಅಲ್ಲೇನ್ರಿ?" ಎಂದರು. (ತಾಯಿ-ಮಗಳಿಬ್ಬರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ.)

ಮೌನವೇ ಸಮ್ಮತಿಯ ಲಕ್ಷಣವೆಂಬ ಮಾತು ಲೋಕದಲ್ಲಿ ಬಳಕೆಯಲ್ಲಿದೆ. ಧರ್ಮಸಭೆ ಅದನ್ನು ಒಪ್ಪುವುದಿಲ್ಲ. ವಧುವರರು ತಮ್ಮ ಸಮ್ಮತಿಯನ್ನು ಬಾಯಿ ಬಿಟ್ಟು ಹೇಳಬೇಕು. ಮಾತು ಬಾರದವರು ಸಂಜ್ಞೆಯಿಂದ ತಿಳಿಸಬೇಕು. ಆ ಸಮ್ಮತಿಯನ್ನು ಬೇರಾವ ಮಾನವ ಶಕ್ತಿಯೂ ಅವರ ಪರವಾಗಿ ತುಂಬಿಕೊಡಲಾರದೆಂದು 1057ನೆಯ ಕಂಡಿಕೆ ಹೇಳುತ್ತದೆ. ಬಲಾತ್ಕಾರದಿಂದ ಅಥವಾ ಗಂಭೀರವಾದ ಭಯದಿಂದ ಆದ ವಿವಾಹ ವಿವಾಹವೇ ಅಲ್ಲವೆಂದು 1103ನೆಯದು ಸಾರುತ್ತದೆ. ಆ ಭಯಕ್ಕೆ ದೊಣ್ಣೆಯೇ ಬೇಕೆಂದಿಲ್ಲ. ಅಪ್ಪ ಊಟ ಬಿಟ್ಟು ಮಲಗಿದರೂ ಸಾಕಾಗಬಹುದು.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ಇದೇ ಸ್ವಭಾವವನ್ನು ತಮ್ಮ ಮೇಲೆಯೇ ಆರೋಪಿಸಿಕೊಂಡಿದ್ದಾರೆ. ಬಾಲ್ಯದಲ್ಲಿ ಕಾವ್ಯದ ರಾಣಿ ದಿದೋ ಪ್ರೇಮಕ್ಕಾಗಿ ಸತ್ತಳೆಂದು ಅತ್ತರು. ತಮ್ಮ ಆತ್ಮದ ದುರವಸ್ಥೆಗೆ ಮಾತ್ರ ಒಂದು ಹನಿಯೂ ಬರಲಿಲ್ಲ. ಕಾರ್ತೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ರಂಗದ ಮೇಲೆ ಪ್ರೇಮಿಗಳು ಅಗಲಿದರೆ ದುಃಖಿಸಿ, ಆ ದುಃಖವನ್ನೇ ಸವಿದರು. ರಂಗದ ದುಃಖಿತರಿಗೆ ಪ್ರೇಕ್ಷಕ ನೆರವಾಗಬೇಕಿಲ್ಲ, ಅತ್ತರೆ ಸಾಕು. ಈ ಅಳು ಅಗ್ಗವಾಗಿರುವುದು ಅದಕ್ಕಾಗಿಯೇ. ಅಡುಗೆಮನೆಯಲ್ಲಿ ನಿಂತ ಮಗಳ ದುಃಖ ಹಾಗಲ್ಲ. ಅದನ್ನು ಕೇಳಿದರೆ ಅಣ್ಣನಿಗೆ ಕೊಟ್ಟ ಮಾತು ಮುರಿಯಬೇಕಾದೀತು.

ಬಹುಪಾಲು ಕಥೋಲಿಕರೇ ಇರುವ ಫಿಲಿಪ್ಪೀನ್ಸ್ ದೇಶದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. 2015ರ ಜುಲೈಯಲ್ಲಿ 'ಈಟ್ ಬುಲಾಗಾ' ಎಂಬ ಮಧ್ಯಾಹ್ನದ ಕಾರ್ಯಕ್ರಮದೊಳಗೆ ಟಾಗಲೋಗ್ ಭಾಷೆಯ ನಗೆಪ್ರೇಮದ ಕಥೆಯೊಂದು ಮೊದಲಾಯಿತು. ಆಲ್ಡೆನ್ ರಿಚರ್ಡ್ಸ್ ಮತ್ತು ಮೇನ್ ಮೆಂಡೋಜಾ ಪರಸ್ಪರ ಕಾಣುತ್ತಿದ್ದುದು ಇಬ್ಭಾಗಿಸಿದ ತೆರೆಯ ಮೇಲೆ ಮಾತ್ರ. ಹಳೆಯ ಪದ್ಧತಿಯ ಅಜ್ಜಿಯೊಬ್ಬಳು, ಎಲ್ಲಕ್ಕೂ ಸರಿಯಾದ ಕಾಲ ಬರಬೇಕೆಂದು ಅವರನ್ನು ತಡೆಯುತ್ತಿದ್ದಳು. (ಅಜ್ಜಿಯ ವೇಷ ಹಾಕಿದವನು ಗಂಡಸು, ನಮ್ಮ ಬಯಲಾಟ ಕಂಡವರಿಗೆ ಇದು ಹೊಸತಲ್ಲ.) ಆ 'ಸರಿಯಾದ ಕಾಲ'ದ ಹೆಸರಿನಲ್ಲೇ ಅಕ್ಟೋಬರ್ 24ರಂದು ಐವತ್ತೈದು ಸಾವಿರ ಆಸನಗಳ ಫಿಲಿಪ್ಪೀನ್ ಅರೇನಾದಲ್ಲಿ ಸಮಾರಂಭ ನಡೆಯಿತು. ಅಂದು ಟ್ವಿಟರಿನಲ್ಲಿ ಬಂದ ಸಂದೇಶಗಳು 4 ಕೋಟಿಗೂ ಹೆಚ್ಚು. ಮುಂದೆ ಆ ನಟಿ 2023ರಲ್ಲಿ ಬೇರೊಬ್ಬ ನಟನನ್ನು ವಿವಾಹವಾದಾಗ ಅಭಿಮಾನಿಗಳಲ್ಲಿ ಕೆಲವರು ಅದನ್ನು ನಂಬಲೇ ಒಪ್ಪಲಿಲ್ಲ. ಕೋಟಿ ಜನರ ಹಾರೈಕೆಯೂ ಒಬ್ಬಳ ಸಮ್ಮತಿಯ ಸ್ಥಾನವನ್ನು ತುಂಬಲಾರದೆಂದ ಮೇಲೆ ತೊಟ್ಟಿಲ ಮಾತು ತುಂಬೀತೇ?

ಹಾಗೆಂದು ಯುವಕ ಯುವತಿಯರು ಈ ಲೇಖನವನ್ನು ಕತ್ತರಿಸಿ ತಂದೆತಾಯಿಗಳ ಮುಂದೆ ಹಿಡಿಯುವುದು ಬೇಡ. ಪ್ರೀತಿಯ ಪುಳಕಕ್ಕೆ ಟಾಗಲೋಗಿನಲ್ಲಿ 'ಕಿಲಿಗ್' ಎಂಬ ಪದವಿದೆ. 2016ರಲ್ಲಿ ಅದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಸೇರಿತು. ಪುಳಕ ಪಾಪವಲ್ಲ, ಆದರೆ ಅದು ತಾನಾಗಿ ಬಂದದ್ದು. ಸಂತ ಥಾಮಸ್ ಅಕ್ವಿನಾಸರು 'ದಿಲೆಕ್ಷಿಯೊ' ಎಂದು ಕರೆಯುವ ಪ್ರೀತಿಯೊಳಗೆ ಆಯ್ಕೆಯೊಂದು ಅಡಗಿದೆ. ಅದು ಬುದ್ಧಿ ಮತ್ತು ಸಂಕಲ್ಪಗಳ ಕೆಲಸ. ರಾಖೇಲಳಿಗಾಗಿ ಯಕೋಬನು ಏಳು ವರ್ಷ ಕುರಿ ಕಾಯ್ದ. ಏಳು ತಿಂಗಳು ಕಾಯಲಾಗದೆ ಬಸ್ಸು ಹತ್ತಿ ಓಡಿಹೋದವರನ್ನೂ ನಾವು ಕಂಡಿದ್ದೇವೆ. ಅವರಲ್ಲಿ ಕೆಲವರ ಕಣ್ಣೀರನ್ನೂ ಕಂಡಿದ್ದೇವೆ.

ಅಂದು ನಾವು ವಿನಾಯಿತಿಯ ಕಾಗದ ಬರೆಯಲಿಲ್ಲ. ತಾಯಿ ನಾಲ್ಕು ತಿಂಗಳು ನಮ್ಮೊಡನೆ ಮಾತು ಬಿಟ್ಟರು. ಅಣ್ಣನ ಮನೆಯವರು ಇಂದಿಗೂ ಸರಿಯಾಗಿ ಮಾತನಾಡಿಸುವುದಿಲ್ಲವಂತೆ. ಹುಡುಗಿ ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕಳೆದ ಕ್ರಿಸ್ಮಸ್ಸಿಗೆ ಊರಿಗೆ ಬಂದವಳು ಬಲಿಪೂಜೆಯ ಬಳಿಕ ನಮ್ಮೆದುರು ನಿಂತು, ತನಗೆ ಒಬ್ಬರ ವಿಷಯ ಮಾತನಾಡುವುದಿದೆ, ಆದರೆ ಮೊದಲು ಅವ್ವನಿಗೆ ಹೇಳಿ ಬರುತ್ತೇನೆ ಎಂದಳು.